ರೈತ ಉತ್ಪಾದಕ ಕಂಪನಿಗಳ ಮಾರಾಟ: ಒಡನಿದ್ದು ಕಲಿಸುವ ಆಡಳಿತ

(ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರು ಮತ್ತು ಸಿಬ್ಬಂದಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕಡೂರು, ತರೀಕೆರೆ ಮತ್ತು ಅಜ್ಜಂಪುರ ನೆರೆಹೊರೆಯ ತಾಲ್ಲೂಕುಗಳಾದರೂ ಅಲ್ಲಿಂದ ಪೇಟೆಗೆ ಹೊರಡುವ ಮಾಲು ಒಂದೇ ಬಗೆಯದಲ್ಲ. ಕಡೂರಿನ ಬಯಲಿನಿಂದ ತೆಂಗು, ಕೊಬ್ಬರಿ ಮತ್ತು ರಾಗಿ ಬರುತ್ತವೆ. ತರೀಕೆರೆಯ ತೋಟಗಳಿಂದ ಅಡಿಕೆ ಬರುತ್ತದೆ. ಅಜ್ಜಂಪುರದ ಹೊಲಗಳು ಮುಂಗಾರಿನ ಈರುಳ್ಳಿಗೆ ಹೆಸರಾದವು. ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಬಲ್ಲದು. ಚೆನ್ನಾಗಿ ಒಣಗಿದ ಅಡಿಕೆಯೂ ಒಳ್ಳೆಯ ದರಕ್ಕಾಗಿ ಕಾಯಬಲ್ಲದು. ಮಳೆಯಲ್ಲಿ ಕಿತ್ತ ಈರುಳ್ಳಿ ಮಾತ್ರ ಯಾರಿಗಾಗಿಯೂ ಕಾಯದು. ಹೀಗಿರುವಾಗ ಮೂರೂ ತಾಲ್ಲೂಕುಗಳಿಗೆ ಮಾರಾಟದ ಒಂದೇ ಸೂತ್ರವನ್ನು ಬರೆದುಕೊಡುವುದು ಸರಿಯಲ್ಲ. ಮಾರುವವರನ್ನು ತಯಾರು ಮಾಡುವ ಕ್ರಮ ಮಾತ್ರ ಎಲ್ಲೆಡೆಯೂ ಒಂದೇ. ಇಂದಿನ ವಿಷಯ ಅದು.

ಉತ್ಪಾದಕ ಕಂಪನಿ ಎಂಬ ಸಂಸ್ಥೆಗೆ 2002ರಲ್ಲಿ ಕಂಪನಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ಕಾನೂನಿನ ನೆಲೆ ದೊರೆಯಿತು. ಸದಸ್ಯರೆಲ್ಲರೂ ಉತ್ಪಾದಕರು, ನಿರ್ದೇಶಕರು ಐದಕ್ಕಿಂತ ಕಡಿಮೆ ಇರುವಂತಿಲ್ಲ, ಹದಿನೈದನ್ನು ಮೀರುವಂತಿಲ್ಲ, ಸದಸ್ಯರಲ್ಲದ ಒಬ್ಬ ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕರು ಇರಲೇಬೇಕು. ಕೊನೆಯ ಈ ನಿಯಮವನ್ನು ಹಲವು ಮಂಡಳಿಗಳು ಕಾಗದದ ಅಗತ್ಯವೆಂದಷ್ಟೇ ಭಾವಿಸಿವೆ. ಮಾರಾಟದ ಅರ್ಧ ಸಮಸ್ಯೆ ಅಲ್ಲಿಯೇ ಹುಟ್ಟುತ್ತದೆ.

10,000 ರೈತ ಉತ್ಪಾದಕ ಸಂಸ್ಥೆಗಳನ್ನು ರಚಿಸುವ ಕೇಂದ್ರ ಯೋಜನೆಗೆ 2020ರ ಫೆಬ್ರವರಿ 29ರಂದು ಚಾಲನೆ ದೊರೆಯಿತು. ಆ ಯೋಜನೆಯಡಿ ಪ್ರತಿ ಸಂಸ್ಥೆಗೆ ಮೂರು ವರ್ಷಗಳಲ್ಲಿ ಗರಿಷ್ಠ 18 ಲಕ್ಷ ರೂಪಾಯಿ ನಿರ್ವಹಣಾ ವೆಚ್ಚ ದೊರೆಯುತ್ತದೆ. ಅಂದರೆ ತಿಂಗಳಿಗೆ 50,000 ರೂಪಾಯಿ. ಸಿಬ್ಬಂದಿಯ ಸಂಬಳ, ಕಚೇರಿಯ ಬಾಡಿಗೆ, ವಿದ್ಯುತ್ತು, ಓಡಾಟ ಎಲ್ಲವೂ ಇದರಲ್ಲಿಯೇ ನಡೆಯಬೇಕು. ಮೂರು ವರ್ಷ ಮುಗಿದ ಮರುದಿನವೂ ಆ ಖರ್ಚು ಇದ್ದೇ ಇರುತ್ತದೆ, ಆದರೆ ಅನುದಾನ ಇರುವುದಿಲ್ಲ.

ಆ ದಿನದ ಲೆಕ್ಕವನ್ನು ಇಂದೇ ಹಾಕಿ ನೋಡಬೇಕು. ನೂರು ರೂಪಾಯಿ ಮಾರಾಟದಲ್ಲಿ ಕಂಪನಿಗೆ ಉಳಿಯುವುದು ಎರಡು ರೂಪಾಯಿ ಎಂದಿಟ್ಟುಕೊಂಡರೆ, ತಿಂಗಳ 50,000 ರೂಪಾಯಿ ಖರ್ಚು ಹುಟ್ಟಲು 25 ಲಕ್ಷದ ವಹಿವಾಟು ಬೇಕು. ವರ್ಷಕ್ಕೆ 3 ಕೋಟಿ. 300 ಸದಸ್ಯರಿರುವ ಕಂಪನಿಯಲ್ಲಿ ಎಲ್ಲರೂ ಮಾಲು ಕೊಟ್ಟರೆ ಇದು ತಲಾ ಒಂದು ಲಕ್ಷದ ಮಾತು. ಮಾಲು ಕೊಡುವವರು 60 ಮಂದಿ ಮಾತ್ರವಾದರೆ ತಲಾ ಐದು ಲಕ್ಷ ಬೇಕಾಗುತ್ತದೆ. ಸಣ್ಣ ಹಿಡುವಳಿಯವರಿಂದ ಅದು ಆಗದ ಕೆಲಸ. ವಿಂಗಡಣೆ, ಒಣಗಿಸುವಿಕೆ ಮತ್ತು ನೇರ ಖರೀದಿದಾರರ ಮೂಲಕ ಉಳಿತಾಯ ನಾಲ್ಕು ರೂಪಾಯಿಗೆ ಏರಿದರೆ ಬೇಕಾಗುವ ವಹಿವಾಟು ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಗೋಡೆಯ ಮೇಲೆ ಬರೆದಿಡುವ ಕಂಪನಿಗೆ ತಾನು ಎಲ್ಲಿ ನಿಂತಿದ್ದೇನೆಂಬುದು ಪ್ರತಿ ತಿಂಗಳೂ ತಿಳಿಯುತ್ತದೆ. ಬರೆದಿಡದ ಕಂಪನಿಗೆ ಅದು ಲೆಕ್ಕಪರಿಶೋಧಕರ ವರದಿ ಬಂದಾಗ ತಿಳಿಯುತ್ತದೆ. ಅಷ್ಟರಲ್ಲಿ ಸದಸ್ಯರ ಷೇರು ಹಣ ಕರಗಿರುತ್ತದೆ.

ವಹಿವಾಟು ಕುಸಿದಾಗ ಮಂಡಳಿ ಸಾಮಾನ್ಯವಾಗಿ ಕೈಗೊಳ್ಳುವ ಕ್ರಮ ಒಂದೇ: ಕಾರ್ಯನಿರ್ವಾಹಕರನ್ನು ಕರೆದು ಗುರಿ ಏಕೆ ಮುಟ್ಟಲಿಲ್ಲವೆಂದು ಕೇಳುವುದು. ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆ ಇನ್ನಷ್ಟು ಗಡುಸಾಗಿ ಬರುತ್ತದೆ. ಮೂರನೆಯ ಸಭೆಯ ಹೊತ್ತಿಗೆ ಆ ತರುಣ ಅಥವಾ ತರುಣಿ ಬೇರೆ ಕೆಲಸ ಹುಡುಕಿಕೊಂಡಿರುತ್ತಾರೆ. ಹೊಸಬರು ಬಂದು ಮೊದಲಿನಿಂದ ಕಲಿಯಲಾರಂಭಿಸುತ್ತಾರೆ. ಇದು ಪ್ರಶ್ನಿಸುವುದಾಯಿತೇ ಹೊರತು ಆಡಳಿತವಾಗಲಿಲ್ಲ.

ಆಣಂದದ ಹಾಲಿನ ಸಹಕಾರ ಸಂಘದ ಚರಿತ್ರೆ ಎಲ್ಲರಿಗೂ ಗೊತ್ತು. ಅದರಲ್ಲಿ ಕಡಿಮೆ ಗಮನಕ್ಕೆ ಬಂದಿರುವ ಅಂಶವೊಂದುಂಟು. 1946ರಲ್ಲಿ ಆರಂಭವಾದ ಆ ಸಂಘಕ್ಕೆ ತ್ರಿಭುವನದಾಸ್ ಪಟೇಲರು ಅಧ್ಯಕ್ಷರು. 1949ರಲ್ಲಿ ಆಣಂದಕ್ಕೆ ಬಂದ ವರ್ಗೀಸ್ ಕುರಿಯನ್ ಮುಂದೆ ಅದರ ವ್ಯವಸ್ಥಾಪಕರಾದರು. ರೈತರ ಒಗ್ಗಟ್ಟು ಮತ್ತು ಹಳ್ಳಿಯ ವಿಶ್ವಾಸದ ಹೊಣೆ ಪಟೇಲರದು. ಯಂತ್ರ, ಮಾರುಕಟ್ಟೆ ಮತ್ತು ದೈನಂದಿನ ನಿರ್ಧಾರ ಕುರಿಯನ್ನರದು. ಒಬ್ಬರು ಇನ್ನೊಬ್ಬರ ಬೆನ್ನಿಗೆ ನಿಂತರು, ಆದರೆ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಲಿಲ್ಲ. ಮೂರು ತಾಲ್ಲೂಕುಗಳ ಕಂಪನಿಗಳು ಆ ಗಾತ್ರಕ್ಕೆ ಬೆಳೆಯಬೇಕಾಗಿಲ್ಲ. ಹೊಣೆಯ ಈ ಹಂಚಿಕೆಯನ್ನು ಮಾತ್ರ ಮೊದಲ ದಿನದಿಂದಲೇ ಅಳವಡಿಸಿಕೊಳ್ಳಬಹುದು.

ಕೋಚಿಂಗ್ ಎಂದೊಡನೆ ಈ ಭಾಗದ ಜನರಿಗೆ ಪರೀಕ್ಷೆಯ ಟ್ಯೂಷನ್ ನೆನಪಾಗುತ್ತದೆ. ಇಲ್ಲಿ ಆ ಪದದ ಅರ್ಥಕ್ಕೆ ಗರಡಿಮನೆಯ ಉಸ್ತಾದರು ಹೆಚ್ಚು ಹತ್ತಿರ. ಉಸ್ತಾದರು ಪಟ್ಟನ್ನು ಹೊರಗೆ ಕುಳಿತು ವಿವರಿಸುವುದಿಲ್ಲ. ಮಟ್ಟಿಗೆ ಇಳಿದು ತೋರಿಸುತ್ತಾರೆ, ಹಿಡಿಸುತ್ತಾರೆ, ಆಮೇಲೆ ಸುಮ್ಮನೆ ನಿಂತು ನೋಡುತ್ತಾರೆ. ಉತ್ಪಾದಕ ಕಂಪನಿಯಲ್ಲಿ ಇಂತಹ ಕಲಿಕೆಗೆ ಅನುಕೂಲವೊಂದು ತಾನಾಗಿಯೇ ಒದಗಿದೆ. ನಿರ್ದೇಶಕರಲ್ಲಿ ಹಲವರು ಮೂವತ್ತು ವರ್ಷ ಮಂಡಿಗೆ ಮಾಲು ಹಾಕಿದವರು; ರಾಶಿಯೊಳಗೆ ಕೈ ಹಾಕಿದ ಕೂಡಲೇ ಒಣಗಿದ್ದು ಯಾವುದು, ಹಸಿ ಯಾವುದು ಎಂದು ಹೇಳಬಲ್ಲವರು. ಕಾರ್ಯನಿರ್ವಾಹಕರು ಪದವಿ ಪಡೆದ ಕಿರಿಯರು, ಕಂಪ್ಯೂಟರ್, ಜಿ.ಎಸ್.ಟಿ., ಆನ್‌ಲೈನ್ ಮಾರುಕಟ್ಟೆ ಬಲ್ಲವರು. ಇಬ್ಬರಿಗೂ ಇನ್ನೊಬ್ಬರಿಂದ ಕಲಿಯಬೇಕಾದದ್ದಿದೆ. ಅದಕ್ಕೆ ಅವಕಾಶ ಮಾಡಿಕೊಡುವ ಕ್ರಮವೊಂದು ಬೇಕು.

ಈರುಳ್ಳಿ ಮಾರಾಟವನ್ನೇ ತೆಗೆದುಕೊಳ್ಳಬಹುದು. ಅಜ್ಜಂಪುರದ ಕಡೆಯ ಬೆಳೆಗಾರರಿಗೆ ಬೆಂಗಳೂರಿನ ಯಶವಂತಪುರ ಮಾರುಕಟ್ಟೆ ಹೊಸದಲ್ಲ. ಕಾರ್ಯನಿರ್ವಾಹಕರು ಮೊದಲ ಬಾರಿ ಅನುಭವಿ ನಿರ್ದೇಶಕರೊಡನೆ ಹೋಗಿ ಹರಾಜು, ತೂಕ, ವಿಂಗಡಣೆ, ಚೀಟಿ ಎಲ್ಲವನ್ನೂ ನೋಡಲಿ. ಎರಡನೆಯ ಬಾರಿ ಇಬ್ಬರೂ ಸೇರಿ ಮಾತಾಡಲಿ. ಮೂರನೆಯ ಬಾರಿ ಕಾರ್ಯನಿರ್ವಾಹಕರೇ ವ್ಯವಹರಿಸಲಿ, ನಿರ್ದೇಶಕರು ಪಕ್ಕದಲ್ಲಿದ್ದೂ ಬಾಯಿ ಬಿಡದಿರಲಿ. ಹಿರಿಯರಿಗೆ ಅತ್ಯಂತ ಕಷ್ಟವಾಗುವುದು ಈ ಮೂರನೆಯ ಹೆಜ್ಜೆ. ಕ್ವಿಂಟಲಿಗೆ ಐವತ್ತು ರೂಪಾಯಿ ಕಡಿಮೆ ಬರುವುದು ಕಣ್ಣೆದುರಿಗೇ ಕಂಡಾಗ ಸುಮ್ಮನಿರುವುದು ಸುಲಭವಲ್ಲ. ಆದರೂ ಅಂದು ಬಾಯಿ ಹಾಕಿದರೆ ವ್ಯಾಪಾರಿ ಮುಂದೆಂದೂ ಆ ಕಿರಿಯರೊಡನೆ ದರ ಮಾತಾಡುವುದಿಲ್ಲ. ಹಿರಿಯರನ್ನೇ ಕರೆಯಿರಿ ಎನ್ನುತ್ತಾನೆ.

ಹಿಂದಿರುಗುವ ದಾರಿಯಲ್ಲಿ ಎರಡು ಪ್ರಶ್ನೆಗಳು ಸಾಕು. ವ್ಯಾಪಾರಿ ಯಾವುದಕ್ಕೆ ತಕರಾರು ತೆಗೆದ? ಮುಂದಿನ ಬಾರಿ ಅದಕ್ಕೆ ಏನು ಉತ್ತರ? ಉತ್ತರ ಕಲಿಯುವವರ ಬಾಯಿಂದಲೇ ಬರಬೇಕು. ತಪ್ಪಾಗಿದ್ದರೆ ಅಲ್ಲಿಯೇ, ಇಬ್ಬರ ನಡುವೆಯೇ ಹೇಳಿ ಮುಗಿಸಬೇಕು. ಸದಸ್ಯರ ಎದುರು ಸಿಬ್ಬಂದಿಯನ್ನು ಗದರಿದ ಮಂಡಳಿಗೆ ಅನಂತರ ನಿಜವಾದ ವರದಿ ಸಿಗುವುದಿಲ್ಲ. ಹಿತವಾದ ವರದಿ ಸಿಗುತ್ತದೆ.

ಇನ್ನು ಗುರಿಯ ವಿಷಯ. ವರ್ಷಕ್ಕೆ ಇಷ್ಟು ಕೋಟಿ ಎಂಬುದು ಮಂಡಳಿಯ ಗುರಿ. ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದ ಕಾರ್ಯನಿರ್ವಾಹಕರಿಗೆ ಅದರಿಂದ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಈ ವಾರ ಯಾವ ಹಳ್ಳಿಗಳ ಎಷ್ಟು ಸದಸ್ಯರನ್ನು ಭೇಟಿ ಮಾಡಬೇಕು, ಯಾರ ಅಟ್ಟದಲ್ಲಿ ಎಷ್ಟು ಕೊಬ್ಬರಿ ಇದೆ, ಯಾವ ಖರೀದಿದಾರರಿಗೆ ಮಾದರಿ ಕಳುಹಿಸಬೇಕು, ಬೀರೂರು, ಅರಸೀಕೆರೆ, ತಿಪಟೂರುಗಳ ದರ ಎಷ್ಟು ಎಂಬುವು ಅವರ ಕೈಯಲ್ಲಿರುವ ಕೆಲಸಗಳು. ವಾರಕ್ಕೊಮ್ಮೆ ಅರ್ಧ ಗಂಟೆ, ಒಬ್ಬ ನಿರ್ದೇಶಕರು ಇವುಗಳನ್ನಷ್ಟೇ ಕುಳಿತು ಕೇಳಬೇಕು. ಕೈತಪ್ಪಿದ ವ್ಯವಹಾರಗಳಿಗೂ ಒಂದು ಪುಸ್ತಕವಿರಲಿ. ಯಾರೊಡನೆ, ಯಾವ ಮಾಲು, ಏಕೆ ಕುದುರಲಿಲ್ಲ? ಆರು ತಿಂಗಳ ಬಳಿಕ ಅದನ್ನು ತಿರುವಿದರೆ, ದರಕ್ಕಿಂತ ತೇವಾಂಶ, ತಡವಾದ ಲಾರಿ, ಬೆರಕೆಯಾದ ಗಾತ್ರ ಇವುಗಳಿಂದ ತಪ್ಪಿದ್ದು ಎಷ್ಟೆಂಬುದು ಕಾಣುತ್ತದೆ. ಅಂತಹ ಪುಸ್ತಕ ಇಡುವುದು ಯಾರಿಗೂ ಹಿಡಿಸದ ಕೆಲಸ. ಹಲವು ವರದಿಗಳಿಗಿಂತ ಅದು ಹೆಚ್ಚು ಉಪಯುಕ್ತ.

ಉತ್ಪಾದಕ ಕಂಪನಿಯ ಮಾರಾಟ ಖರೀದಿಯಿಂದ ಆರಂಭವಾಗುತ್ತದೆ ಎಂಬುದನ್ನೂ ಮರೆಯಬಾರದು. ಸದಸ್ಯರೇ ಮಾಲು ತರದಿದ್ದರೆ ಎಂತಹ ಚತುರ ಮಾರಾಟಗಾರನೂ ನಿರುಪಾಯ. ಷೇರು ಕೊಂಡ ರೈತ ಮಾಲನ್ನು ಮಂಡಿಗೇ ಒಯ್ಯುವುದೇಕೆ? ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ ಮುಂಗಡ ಕೊಟ್ಟವರು ಮಂಡಿಯವರು. ಆ ಸಂಬಂಧವನ್ನು ನಿಷ್ಠೆಯ ಭಾಷಣದಿಂದ ಬಿಡಿಸಲಾಗದು. ಕಂಪನಿ ಎಲ್ಲರಿಗೂ ಮುಂಗಡ ಕೊಡಲಾರದಿರಬಹುದು. ತೂಕವನ್ನು ರೈತನ ಕಣ್ಣೆದುರು ಮಾಡಬಲ್ಲದು, ಕಡಿತದ ಕಾರಣವನ್ನು ಚೀಟಿಯಲ್ಲಿ ಬರೆದುಕೊಡಬಲ್ಲದು, ಹೇಳಿದ ದಿನ ಖಾತೆಗೆ ಹಣ ಹಾಕಬಲ್ಲದು. ಹಳ್ಳಿಯ ಹಾಲಿನ ಡೇರಿಯ ಮೇಲೆ ಜನರಿಗಿರುವ ನಂಬಿಕೆ ಇಂತಹ ಸಣ್ಣ ಕ್ರಮಗಳಿಂದಲೇ ಬೆಳೆದದ್ದು. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಬೆಳೆಗಾರರ ವಿಶ್ವಾಸ ಗಳಿಸಿದ್ದೂ ಖರೀದಿಯ ಬಾಗಿಲನ್ನು ತೆರೆದಿಟ್ಟಿದ್ದರಿಂದ.

ಮಾರಾಟದ ಮೊತ್ತಕ್ಕೆ ತಕ್ಕಂತೆ ಸಿಬ್ಬಂದಿಗೆ ಕಮಿಷನ್ ಕೊಡಬೇಕೆಂಬ ಸಲಹೆಯನ್ನು ಎಚ್ಚರದಿಂದ ಪರಿಶೀಲಿಸುವುದು ಒಳಿತು. ಮೊತ್ತವನ್ನಷ್ಟೇ ನೋಡಿದರೆ ಸಾಲಕ್ಕೆ ಮಾರುವ ಆಸೆ ಹೆಚ್ಚುತ್ತದೆ. ಗೊಬ್ಬರ, ಬೀಜಗಳ ಮಳಿಗೆ ನಡೆಸುವ ಕಂಪನಿಗಳಲ್ಲಿ ಇದರ ಅಪಾಯ ಹೆಚ್ಚು. ಪ್ರೋತ್ಸಾಹಧನ ಕೊಡುವುದಾದರೆ ಹಣ ಬ್ಯಾಂಕಿಗೆ ಜಮೆಯಾದ ಬಳಿಕ ಕೊಡಬೇಕು. ಸದಸ್ಯರಿಗೆ ಪಾವತಿಯಾದ ದಿನಗಳ ಲೆಕ್ಕವನ್ನೂ ಅದಕ್ಕೆ ಜೋಡಿಸಬೇಕು.

ಅಜ್ಜಂಪುರದ ಕಂಪನಿಗಳು ಈರುಳ್ಳಿ ಕಟಾವಿಗೆ ಒಂದು ತಿಂಗಳ ಮುಂಚೆಯೇ ಸದಸ್ಯವಾರು ಬೆಳೆಯ ಅಂದಾಜು, ಗೋಣಿಚೀಲ, ಲಾರಿ ಮತ್ತು ಕನಿಷ್ಠ ಮೂವರು ಖರೀದಿದಾರರ ಪಟ್ಟಿಯನ್ನು ಸಿದ್ಧಪಡಿಸತಕ್ಕದ್ದು. ಕಾರ್ಯನಿರ್ವಾಹಕರೊಡನೆ ಮಾರುಕಟ್ಟೆಗೆ ಹೋಗುವ ನಿರ್ದೇಶಕರು ಯಾರೆಂಬುದನ್ನೂ, ಆ ಓಡಾಟದ ಖರ್ಚನ್ನೂ ಮಂಡಳಿಯ ಮುಂದಿನ ಸಭೆಯಲ್ಲಿಯೇ ನಿರ್ಣಯಿಸಿ ನಡಾವಳಿಯಲ್ಲಿ ದಾಖಲಿಸತಕ್ಕದ್ದು. ಕಡೂರು ಮತ್ತು ತರೀಕೆರೆಯ ಕಂಪನಿಗಳಿಗೆ ಕಾಲಾವಕಾಶ ಹೆಚ್ಚಿದೆ. ಅವು ಅಟ್ಟದ ಮೇಲಿನ ಕೊಬ್ಬರಿ ಮತ್ತು ಮನೆಯಲ್ಲಿ ದಾಸ್ತಾನಿರುವ ಅಡಿಕೆಯ ಪಟ್ಟಿಯಿಂದ ಕೆಲಸ ಆರಂಭಿಸಬಹುದು.