ಎಲೆ ಹಂಚುವ ಮುನ್ನ

ಇಸ್ಪೀಟು ಎಂದೊಡನೆ ಮೂಗು ಮುರಿಯುವ ಹಿರಿಯರುಂಟು. ಹಣ ಕಟ್ಟಿ ಆಡುವ ಜೂಜಿನ ಮಾತನ್ನು ನಾನಿಲ್ಲಿ ಎತ್ತುವುದಿಲ್ಲ. ಹಬ್ಬದ ಊಟವಾದ ಮೇಲೆ ನಡುಮನೆಯಲ್ಲಿ ಜಮಖಾನ ಹಾಸಿ, ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಕುಳಿತು ಆಡುವ ರಮ್ಮಿಯ ವಿಷಯ ಇದು. ಅಲ್ಲಿಯೂ ಜಗಳವಾಗುತ್ತದೆ. ಮೋಸದಿಂದ ಆಗುವ ಜಗಳ ಕಡಿಮೆ. ನಿಯಮದ ಒಂದು ಮಾತನ್ನು ಇಬ್ಬರು ಎರಡು ಬಗೆಯಾಗಿ ತಿಳಿದುದರಿಂದ ಆಗುವುದೇ ಹೆಚ್ಚು. ಅಂತಹ ಮಾತನ್ನು ಬಿಡಿಸುವ ಬಗೆ ಹೇಗೆ?

‘ಎಕ್ಕವನ್ನು ಮೇಲೂ ಇಡಬಹುದು, ಕೆಳಗೂ ಇಡಬಹುದು’ ಎಂಬ ನಿಯಮವನ್ನೇ ನೋಡೋಣ. ಎಕ್ಕ, ಎರಡು, ಮೂರು ಒಂದು ಸಾಲು. ರಾಣಿ, ರಾಜ, ಎಕ್ಕ ಇನ್ನೊಂದು ಸಾಲು. ಇದರಲ್ಲಿ ವಿವಾದವಿಲ್ಲ. ಆದರೆ ಒಬ್ಬರು ರಾಜ, ಎಕ್ಕ, ಎರಡು ಇವನ್ನು ಜೋಡಿಸಿ, “ಮೇಲೂ ಕೆಳಗೂ ಅಂದಿರಲ್ಲ, ಎರಡೂ ಮಾಡಿದ್ದೇನೆ” ಎಂದರೆ? ಮಾತನ್ನು ಹಾಗೆ ಎಳೆಯಲು ಎಡೆಯುಂಟು. ‘ಮೇಲಾಗಲಿ ಕೆಳಗಾಗಲಿ’ ಎಂದಿದ್ದರೆ ಈ ತೊಡಕು ಬರುತ್ತಿರಲಿಲ್ಲ. ವಿಧಿವಾಕ್ಯದಲ್ಲಿ ಯಾವ ಪದವನ್ನೂ ವ್ಯರ್ಥವೆಂದು ಎಣಿಸಬಾರದೆಂದು ನಮ್ಮ ಮೀಮಾಂಸಕರು ಹೇಳುತ್ತಿದ್ದರು. ರಾಜನ ಮುಂದೆ ಎಕ್ಕ, ಎಕ್ಕದ ಮುಂದೆ ಎರಡು ಎಂದು ಎಲೆಗಳು ಬಳೆಯಂತೆ ಸುತ್ತುವುದಾದರೆ, ಮೇಲು ಕೆಳಗು ಎಂಬ ತುದಿಗಳೇ ಉಳಿಯುವುದಿಲ್ಲ. ಆ ಪದಗಳು ವ್ಯರ್ಥವಾಗುತ್ತವೆ. ಆದುದರಿಂದ ಒಂದು ಸಾಲಿನಲ್ಲಿ ಎಕ್ಕ ಒಂದೇ ತುದಿಯಲ್ಲಿ ನಿಲ್ಲತಕ್ಕದ್ದು. ಇಲ್ಲಿ ಪದವೇ ದಾರಿ ತೋರಿಸಿತು.

ಕೆಲವೆಡೆ ಪದವನ್ನು ಹಿಡಿದರೆ ದಾರಿ ತಪ್ಪುತ್ತದೆ. ಎರಡು ಕಟ್ಟು ಸೇರಿಸಿ 13 ಎಲೆ ಹಂಚುವ ರಮ್ಮಿಯಲ್ಲಿ ಕಡಮೆಯೆಂದರೆ ಎರಡು ಸಾಲು ಬೇಕು. ಅವುಗಳಲ್ಲಿ ಒಂದರಲ್ಲಾದರೂ ಜೋಕರ್ ಇರಕೂಡದು. ಜೋಕರಿಗೆಂದು ತೆರೆದ ಎಲೆ ಕಳಾವರ್ ಏಳು ಎನ್ನಿ. ಆ ಆಟಕ್ಕೆ ಏಳುಗಳೆಲ್ಲ ಜೋಕರು. ಹೊಸದಾಗಿ ಮನೆಗೆ ಬಂದ ಸೊಸೆ ಆಠೀನು ಆರು, ಏಳು, ಎಂಟನ್ನು ಶುದ್ಧ ಸಾಲೆಂದು ಇಡುತ್ತಾಳೆ. “ಏಳು ಜೋಕರಲ್ಲವೇನಮ್ಮಾ?” ಎನ್ನುತ್ತಾರೆ ಮಾವ. ಅಕ್ಷರ ಹಿಡಿದರೆ ಅವರ ಮಾತು ಸರಿ. ಆದರೆ ನಿಯಮದ ಉದ್ದೇಶವೇನು? ಒಂದು ಸಾಲಾದರೂ ಬದಲಿ ಎಲೆಯ ನೆರವಿಲ್ಲದೆ ಕೂಡಲಿ ಎಂಬುದು. ಈ ಏಳು ಯಾರ ಬದಲಿಗೂ ನಿಂತಿಲ್ಲ, ತನ್ನ ಸ್ಥಾನದಲ್ಲಿಯೇ ಇದೆ. ಸಾಲು ಶುದ್ಧವೇ, ಸೊಸೆ ಹೇಳಿದ್ದೇ ಸರಿ.

ಇನ್ನು ನಿಯಮ ಬಾಯಿಯೇ ಬಿಡದ ಸಂದರ್ಭ. ತೆರೆದ ಎಲೆ ಅಚ್ಚಿನ ಜೋಕರೇ ಆದರೆ ಯಾವುದು ಜೋಕರು? ಎಕ್ಕಗಳೆಲ್ಲ ಎಂಬುದು ಹಲವು ಕಡೆಯ ರೂಢಿ. ಎಲ್ಲ ಮನೆಗಳಲ್ಲಿಯೂ ಅಲ್ಲ. ಇದನ್ನು ತರ್ಕದಿಂದ ಬಗೆಹರಿಸಲಾಗದು. ಮೊದಲೇ ಒಪ್ಪಿಕೊಂಡಿರಬೇಕು, ಅಷ್ಟೆ.

ಈ ತೊಂದರೆ ನಡುಮನೆಯ ಆಟಕ್ಕೆ ಮಾತ್ರ ಮೀಸಲಲ್ಲ. ಡೂಪ್ಲಿಕೇಟ್ ಬ್ರಿಡ್ಜ್ ಆಟದ 2017ರ ಅಂತರರಾಷ್ಟ್ರೀಯ ನಿಯಮಾವಳಿ ಕ್ರಿಯಾಪದಗಳಿಗೇ ದರ್ಜೆ ಕಟ್ಟಿದೆ. ‘ಮಾಡಬಹುದು’ ಎಂದಿರುವುದನ್ನು ಮಾಡದಿದ್ದರೆ ತಪ್ಪಿಲ್ಲ. ‘ಮಾಡಲೇಬೇಕು’ ಎಂದಿರುವುದನ್ನು ಮೀರಿದರೆ ಗುರುತರವಾದ ದೋಷ. ನಡುವೆ ಇನ್ನೂ ಮೂರು ಮೆಟ್ಟಿಲುಗಳಿವೆ. ಮನರಂಜನೆಗೆ ಇಷ್ಟು ಬಿಗಿಯೇಕೆ ಎನ್ನಬಹುದು. 1968ರಲ್ಲಿ ಆಂಧ್ರಪ್ರದೇಶದ ಮೊಕದ್ದಮೆಯೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟು, ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಅರಿವು ಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ. ನಿಯಮವೇ ಅಲುಗಾಡುತ್ತಿದ್ದರೆ ಆ ಕೌಶಲಕ್ಕೆ ಬೆಲೆಯೆಲ್ಲಿ? ಆಗ ಗೆಲ್ಲುವುದು ಗಟ್ಟಿ ಗಂಟಲು.

ಆಡದೆ ಉಳಿದ ನಿಯಮ ಯಾವಾಗಲೂ ಮನೆಯ ದೊಡ್ಡವರ ಪಕ್ಷಕ್ಕೇ ವಾಲುತ್ತದೆ. “ನಮ್ಮಲ್ಲಿ ಹೀಗೆಯೇ” ಎಂದು ಅವರು ಹೇಳಿಬಿಟ್ಟರೆ, ತವರಿನಲ್ಲಿ ಬೇರೆ ರೀತಿ ಕಲಿತು ಬಂದವಳೂ, ಆಟಕ್ಕೆ ಹೊಸಬನಾದ ಹುಡುಗನೂ ಬಾಯಿ ಮುಚ್ಚಿಕೊಳ್ಳಬೇಕು. ಮುಂದಿನ ಸಲ ಅವರು ಜಮಖಾನದ ಹತ್ತಿರ ಸುಳಿಯುವುದಿಲ್ಲ. ಹೋದದ್ದು ಒಂದು ಆಟವಲ್ಲ, ಒಂದು ಸಲಿಗೆ.

ಆದುದರಿಂದ ಎಲೆ ಕಲಸುವಾಗಲೇ ಎಕ್ಕದ ಮಾತು, ಜೋಕರಿನ ಮಾತು ಎರಡನ್ನೂ ಎಲ್ಲರಿಗೂ ಕೇಳುವಂತೆ ಹೇಳಿಬಿಡಿ. ಆಟದ ನಡುವೆ ಸಂದೇಹ ಬಂದರೆ, ಯಾರ ಕೈಯಲ್ಲಿ ಯಾವ ಎಲೆಯಿದೆ ಎಂದು ನೋಡದೆ, ಆ ಆಟದಿಂದ ಹೊರಗಿರುವವರನ್ನು ಕೇಳಿ. ನಿಯಮವನ್ನು ಬದಲಿಸುವುದಿದ್ದರೆ ಮುಂದಿನ ಹಂಚಿಕೆಯಿಂದ ಬದಲಿಸಿ. ಸಂಜೆ ಕಾಫಿಗೆ ಎಲ್ಲರೂ ಒಟ್ಟಿಗೆ ಕೂರಬೇಕಾದವರಲ್ಲವೆ?