ಖಜಾನೆಗೆ ಬೀಗ ಬಿದ್ದಾಗ



2025ರ ಅಕ್ಟೋಬರ್ 1ರಂದು ಅಮೆರಿಕದ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಬಾಗಿಲು ಹಾಕಿದವು. ಮತ್ತೆ ತೆರೆಯಲು 43 ದಿನ ಹಿಡಿಯಿತು. ಯುದ್ಧವಿಲ್ಲ, ಮುಷ್ಕರವಿಲ್ಲ, ಖರ್ಚಿನ ಮಸೂದೆಗೆ ಶಾಸಕರ ಒಪ್ಪಿಗೆ ಸಿಗಲಿಲ್ಲ, ಅಷ್ಟೇ. ಅಂಥ ಸಿರಿವಂತ ದೇಶದಲ್ಲಿ ಸಂಬಳ ಕೊಡಲು ದುಡ್ಡಿಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ದುಡ್ಡಿತ್ತು. ಅದನ್ನು ಮುಟ್ಟುವ ಅಧಿಕಾರ ಯಾರಿಗೂ ಇರಲಿಲ್ಲ.

ನಮ್ಮ ದೇಶದಲ್ಲಿ ಹೀಗಾಗುವುದು ಕಷ್ಟ. ಲೋಕಸಭೆಯಲ್ಲಿ ಬಹುಮತ ಉಳ್ಳವರೇ ಸರ್ಕಾರ ನಡೆಸುತ್ತಾರೆ. ಅವರ ಬಜೆಟ್ ಬಿದ್ದರೆ ಸರ್ಕಾರವೂ ಬಿದ್ದಂತೆ. ಧನವಿಧೇಯಕವನ್ನು ರಾಜ್ಯಸಭೆ 14 ದಿನಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ. ಮಾರ್ಚ್ ಒಳಗೆ ಚರ್ಚೆ ಮುಗಿಯದಿದ್ದರೆ ಲೇಖಾನುದಾನ ಪಡೆದು ಒಂದಷ್ಟು ತಿಂಗಳು ಖರ್ಚು ತೂಗಿಸಬಹುದು. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಒಂದು ಮತದಿಂದ ಉರುಳಿತಲ್ಲ, ಆಗಲೂ ಬಿದ್ದವರು ಬೀಳಿಸಿದವರು ಕೂಡಿಯೇ ಆ ವರ್ಷದ ಬಜೆಟ್ಟನ್ನು ಚರ್ಚೆಯಿಲ್ಲದೆ ಅಂಗೀಕರಿಸಿದರು. ಚರ್ಚೆಯಿಲ್ಲದ ಬಜೆಟ್ ಹೆಮ್ಮೆಪಡುವ ವಿಷಯವೇನಲ್ಲ. ಆದರೆ ಕಚೇರಿಗಳಿಗೆ ಬೀಗ ಬೀಳಲಿಲ್ಲ.

ಅಮೆರಿಕದ ಏರ್ಪಾಡೇ ಬೇರೆ. ಅಲ್ಲಿ ಅಧ್ಯಕ್ಷರ ಚುನಾವಣೆ ಬೇರೆ, ಪ್ರತಿನಿಧಿ ಸಭೆಯದು ಬೇರೆ, ಸೆನೆಟ್‌ನದು ಬೇರೆ. ಮೂರೂ ಒಂದೇ ಪಕ್ಷದ ಕೈಯಲ್ಲಿದ್ದರೂ ಸೆನೆಟ್‌ನ 100 ಸದಸ್ಯರಲ್ಲಿ 60 ಜನ ಕೈಜೋಡಿಸದೆ ವಾರ್ಷಿಕ ಖರ್ಚಿನ ಮಸೂದೆ ಸಾಮಾನ್ಯವಾಗಿ ಮುಂದೆ ಸಾಗುವುದಿಲ್ಲ. ಜಗಳ ಹರಿಯದಿದ್ದರೆ ಸದನ ವಿಸರ್ಜಿಸಿ ಜನರ ಮುಂದೆ ಹೋಗೋಣ ಎನ್ನುವ ದಾರಿಯೂ ಇಲ್ಲ. ಭಾಗ ಹಂಚಿಕೆಯಾಗದ ಮನೆಯಲ್ಲಿ ಅಣ್ಣತಮ್ಮಂದಿರು ಇರುವ ಹಾಗೆ, ಮುನಿಸಿಕೊಂಡವರೇ ಅವಧಿ ಮುಗಿಯುವ ತನಕ ಒಂದೇ ಸೂರಿನಡಿ ಇರಬೇಕು.

ಆದರೂ 1980ರವರೆಗೆ ಅಲ್ಲಿ ಬೀಗ ಬೀಳುತ್ತಿರಲಿಲ್ಲ. ಒಪ್ಪಿಗೆ ತಡವಾದರೆ ಖರ್ಚು ಬಿಗಿಮಾಡಿಕೊಂಡು ಕೆಲಸ ಮುಂದುವರಿಸುತ್ತಿದ್ದರು. ಆ ವರ್ಷ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟಿ 19ನೇ ಶತಮಾನದ ಕಾನೂನೊಂದನ್ನು ಅಕ್ಷರಶಃ ಓದಿ, ಶಾಸಕರು ಮಂಜೂರು ಮಾಡದೆ ಇಲಾಖೆಗಳು ಕೆಲಸ ಮಾಡಿಸುವಂತಿಲ್ಲ ಎಂದು ಅಭಿಪ್ರಾಯ ಕೊಟ್ಟರು. ಜೀವ ಮತ್ತು ಆಸ್ತಿಯ ರಕ್ಷಣೆಗೆ ಮಾತ್ರ ವಿನಾಯಿತಿ. ಕಾನೂನಿನ ಮಾತೇನೋ ಸರಿಯೇ. ಆದರೆ ಅದು ರಾಜಕಾರಣಿಗಳ ಕೈಗೆ ಒಂದು ಆಯುಧವಾಗಿ ಸಿಕ್ಕಿತು.

ಆ ಆಯುಧದಿಂದ ಏನು ಗೆದ್ದರು, ನೋಡೋಣ. 2013ರಲ್ಲಿ ಒಬಾಮಾ ಅವರ ಆರೋಗ್ಯ ಕಾನೂನನ್ನು ತಡೆಯಬೇಕೆಂದು ರಿಪಬ್ಲಿಕನ್ನರು ಪಟ್ಟು ಹಿಡಿದರು. 16 ದಿನ ಬೀಗ ಬಿತ್ತು, ಕಾನೂನು ಉಳಿಯಿತು. 2018ರ ಡಿಸೆಂಬರ್‌ನಲ್ಲಿ ಟ್ರಂಪ್ ಗಡಿಗೋಡೆಗೆ 570 ಕೋಟಿ ಡಾಲರ್ ಕೇಳಿದರು. 35 ದಿನ ಕಳೆದ ಮೇಲೆ, ಫೆಬ್ರವರಿಯ ಒಪ್ಪಂದದಲ್ಲಿ ಸಿಕ್ಕಿದ್ದು 137 ಕೋಟಿ ಚಿಲ್ಲರೆ. ಬೀಗ ಬೀಳುವ ಮೊದಲು ಎದುರು ಪಕ್ಷ ಕೊಡುತ್ತೇವೆ ಎಂದಿದ್ದುದೂ ಹೆಚ್ಚುಕಡಿಮೆ ಅಷ್ಟನ್ನೇ! ಟ್ರಂಪ್ ತುರ್ತುಸ್ಥಿತಿ ಘೋಷಿಸಿ ಬೇರೆ ಕಡೆಯಿಂದ ಹಣ ತಿರುಗಿಸಲು ಹೊರಟದ್ದು ಬೇರೆ ಕತೆ. ಈ ಹಗ್ಗಜಗ್ಗಾಟದಿಂದ ಆರ್ಥಿಕತೆಗೆ 1,100 ಕೋಟಿ ಡಾಲರ್ ಪೆಟ್ಟು ಬಿತ್ತು, ಅದರಲ್ಲಿ 300 ಕೋಟಿ ಮರಳಿ ಬಾರದು ಎಂದು ಅಮೆರಿಕದ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿತು. 2025ರಲ್ಲಿ ಪಟ್ಟು ಹಿಡಿದವರು ಡೆಮಾಕ್ರಟರು. ಆರೋಗ್ಯ ವಿಮೆಯ ಸಹಾಯಧನ ಮುಂದುವರಿಯಬೇಕು ಎನ್ನುವುದು ಅವರ ಬೇಡಿಕೆ. ಕೊನೆಗೆ ಅವರ ಬಣದ ಎಂಟು ಸೆನೆಟರ್‌ಗಳು ಈಚೆ ಬಂದು 60 ಮತ ತುಂಬಿಸಿದರು. ಸಹಾಯಧನದ ಬಗ್ಗೆ ದಕ್ಕಿದ್ದು ಮತಕ್ಕೆ ಹಾಕುತ್ತೇವೆಂಬ ಭರವಸೆ ಮಾತ್ರ.

ಬೇಡಿದ್ದು ಮೂರು ಸಲವೂ ಸಿಗಲಿಲ್ಲ. ದಂಡ ತೆತ್ತವರು ಮಾತ್ರ ಬೇರೆಯವರು: ಸಂಬಳವಿಲ್ಲದೆ ವಿಮಾನಗಳಿಗೆ ದಾರಿ ತೋರಿದ ನಿಯಂತ್ರಕರು, ನಿಲ್ದಾಣಗಳ ತಪಾಸಕರು. ಕಾಯಂ ನೌಕರರಿಗೆ ಬಾಕಿ ಸಂಬಳ ಕೊಡಲೇಬೇಕೆಂದು 2019ರಲ್ಲಿ ಕಾನೂನು ಬಂದಿದೆ. ಕಚೇರಿ ಗುಡಿಸುವ, ಕ್ಯಾಂಟೀನ್ ನಡೆಸುವ ಗುತ್ತಿಗೆ ಕೆಲಸಗಾರರಿಗೆ ಆ ರಕ್ಷಣೆಯಿಲ್ಲ. 2013ರಲ್ಲೂ 2025ರಲ್ಲೂ ಅಲ್ಲಿನ ಕಾರ್ಮಿಕ ಇಲಾಖೆ ಎಚ್‌-1ಬಿ ವೀಸಾಕ್ಕೆ ಬೇಕಾದ ದೃಢೀಕರಣ ಕೊಡುವುದನ್ನೇ ನಿಲ್ಲಿಸಿತ್ತು. ಹಾಗಾಗಿ ಅಮೆರಿಕದ ಕೆಲಸದ ಮೇಲೆ ಕಣ್ಣಿಟ್ಟ ಬೆಂಗಳೂರಿನ ಎಂಜಿನಿಯರರಿಗೂ ಅದರ ಬಿಸಿ ತಟ್ಟುವಂಥದೇ.

ಹಾಗಾದರೆ ರಾಜಿ ಆಗುವುದು ಹೇಗೆ? 2013ರ ಬೀಗ ತೆರೆದ ಮೇಲೆ ಇಬ್ಬರನ್ನು ಮಾತುಕತೆಗೆ ಕೂರಿಸಿದರು. ಸೆನೆಟ್‌ನ ಬಜೆಟ್ ಸಮಿತಿಯ ಅಧ್ಯಕ್ಷೆ, ಡೆಮಾಕ್ರಟಿಕ್ ಪಕ್ಷದ ಪ್ಯಾಟಿ ಮರ್‍ರೆ ಒಬ್ಬರು; ಪ್ರತಿನಿಧಿ ಸಭೆಯ ಬಜೆಟ್ ಸಮಿತಿಯ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಪಾಲ್ ರಯಾನ್ ಇನ್ನೊಬ್ಬರು. ಅದಕ್ಕೆ ಹಿಂದೆ ಒಬಾಮಾ ಮತ್ತು ಸ್ಪೀಕರ್ ಬೇನರ್ ತೆರಿಗೆ, ಪಿಂಚಣಿ, ಸಾಲ ಎಲ್ಲವನ್ನೂ ಒಂದೇ ಏಟಿಗೆ ಬಗೆಹರಿಸಲು ಹೋಗಿ ಸೋತಿದ್ದರು. ಇವರಿಬ್ಬರು ಅಂಥ ಆಸೆಯನ್ನೇ ಕೈಬಿಟ್ಟರು. ಆದಾಯ ತೆರಿಗೆಯ ದರಕ್ಕೆ ಆಕೆ ಕೈಹಾಕಲಿಲ್ಲ, ವೃದ್ಧರ ಪಿಂಚಣಿಗೆ ಆತ ಕೈಹಾಕಲಿಲ್ಲ. ಆಗ ಬಹುತೇಕ ಇಲಾಖೆಗಳ ಮೇಲೆ ಕಣ್ಣುಮುಚ್ಚಿ ಬೀಳುತ್ತಿದ್ದ ಖರ್ಚಿನ ಕಡಿತವನ್ನು ಎರಡು ವರ್ಷಗಳಲ್ಲಿ 6,300 ಕೋಟಿ ಡಾಲರ್‌ನಷ್ಟು ಸಡಿಲಿಸಿದರು. ಅದನ್ನು ತುಂಬಿಕೊಳ್ಳಲು ವಿಮಾನ ಪ್ರಯಾಣಿಕರ ಭದ್ರತಾ ಶುಲ್ಕ ಏರಿಸಿದರು, ಹೊಸ ನೌಕರರ ಪಿಂಚಣಿ ವಂತಿಗೆ ಹೆಚ್ಚಿಸಿದರು. ನನ್ನ ಮಟ್ಟಿಗೆ ಅವರ ಜಾಣತನ ಇದ್ದದ್ದು ಯಾವುದನ್ನು ಮಾತಿಗೇ ತರಬಾರದು ಎಂದು ಮೊದಲೇ ಗೊತ್ತುಮಾಡಿಕೊಂಡದ್ದರಲ್ಲಿ.

ಇದು ಎಲ್ಲರಿಗೂ ಸಿಹಿಯಾದ ರಾಜಿಯಲ್ಲ. ನಿವೃತ್ತ ಸೈನಿಕರ ಪಿಂಚಣಿ ಏರಿಕೆಯನ್ನೂ ಕೊಂಚ ಮೊಟಕು ಮಾಡಿದ್ದರು. ಅವರು ತಿರುಗಿಬಿದ್ದ ಮೇಲೆ, 2014ರ ಫೆಬ್ರವರಿಯಲ್ಲಿ ಅದರ ಬಹುಭಾಗ ರದ್ದಾಯಿತು. ದೀರ್ಘಕಾಲದ ನಿರುದ್ಯೋಗಿಗಳ ಭತ್ಯೆ ಒಪ್ಪಂದದ ಹೊರಗೇ ಉಳಿದು, ಡಿಸೆಂಬರ್ ಕೊನೆಗೆ ಸುಮಾರು 13 ಲಕ್ಷ ಜನರಿಗೆ ನಿಂತುಹೋಯಿತು. ಅವರ ಪರವಾಗಿ ತಿರುಗಿಬೀಳುವವರು ಅಷ್ಟು ಮಂದಿ ಇರಲಿಲ್ಲ. ಪ್ರತಿನಿಧಿ ಸಭೆಯಲ್ಲಿ ಒಪ್ಪಂದದ ಪರ 332 ಮತ, ವಿರುದ್ಧ 94. ಬೇಡವೆಂದವರು ಎರಡೂ ಪಕ್ಷಗಳಲ್ಲಿದ್ದರು. ಅಲ್ಲಿಂದ ಮುಂದೆ ಅಮೆರಿಕದ ಸರ್ಕಾರಿ ಕಚೇರಿಗಳಿಗೆ ಬೀಗ ಬಿದ್ದದ್ದು 2018ರ ಜನವರಿಯಲ್ಲಿ, ನಾಲ್ಕು ವರ್ಷಗಳ ಮೇಲೆ.