ಸಿಗ್ನಲ್‌ನಲ್ಲಿ ಆಫ್ ಆಗುವ ಹಳೆಯ ಕಾರು

ದಾದರಿನ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ನಿಮ್ಮ ಕಾರ್ಬುರೇಟರ್ ಕಾಲದ ಮಾರುತಿ 800 ಆಫ್ ಆಗುತ್ತದೆಯೇ? ಮೊದಲೇ ಐಡಲ್ ಸ್ಕ್ರೂ ತಿರುಗಿಸಬೇಡಿ; ರೋಗ ಅಡಗುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ.

ಏರ್ ಫಿಲ್ಟರ್, ಪ್ಲಗ್ ನೋಡಿ. ಆಮೇಲೆ ವ್ಯಾಕ್ಯೂಮ್ ರಬ್ಬರ್ ಪೈಪು. ಬಿರುಕು ಬಿಟ್ಟಿದ್ದರೆ ಹೆಚ್ಚು ಗಾಳಿ ಒಳಹೊಕ್ಕು ಪೆಟ್ರೋಲ್ ಸಾಲದಾಗುತ್ತದೆ. ಅವೆಲ್ಲ ಸರಿಯಿದ್ದು, ವೇಗದಲ್ಲಿ ಚೆನ್ನಾಗಿ ಓಡಿ, ನಿಂತಲ್ಲಿ ಮಾತ್ರ ಆಫ್ ಆದರೆ ಐಡಲ್ ಜೆಟ್‌ನಲ್ಲಿ ಕಸ ಕೂತಿರಬಹುದು. ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ ತೊಳೆಸಿ. ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ.

ಇದನ್ನು ಮುಂದೂಡಬೇಡಿ. ಬೂಸ್ಟರ್ ಇರುವ ಕಾರಿನಲ್ಲಿ ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಗಟ್ಟಿಯಾಗುತ್ತದೆ. ಫ್ಲೈಓವರ್ ಇಳಿಯುವಾಗ ಹಾಗಾದರೆ ಪೆಡಲ್ ಬಿಟ್ಟು ಬಿಟ್ಟು ಒತ್ತದೆ, ಒಮ್ಮೆಲೇ ಬಲವಾಗಿ ಒತ್ತಿ ಹಿಡಿಯಿರಿ.